ಸಬ್‌ಫ್ರೇಮ್ ಬದಲಾಯ್ತು, ಸ್ಪ್ರಿಂಗ್ ಯಾವುದು? ನನ್ನ ಹಳೇ 2002ರ ಹಿಂಭಾಗದ ಕಥೆ

ಆರು ವಾರಾಂತ್ಯ ಗ್ಯಾರೇಜಿನ ನೆಲಕ್ಕೆ ಬೆನ್ನು ಹಚ್ಚಿ ಕೆಲಸ ಮಾಡಿ, ಕೊನೆಗೂ ಕಾರನ್ನು ಸ್ಟ್ಯಾಂಡಿನಿಂದ ಕೆಳಗಿಳಿಸಿದೆ. ಹಿಂಭಾಗ ಒದೆಯಲು ಹೊರಟ ಕತ್ತೆಯ ಹಾಗೆ ಎದ್ದು ನಿಂತಿತ್ತು. ಡಿಕ್ಕಿ ಮೇಲೆ ಕೂತು ನೋಡಿದೆ, ಜಗ್ಗಲಿಲ್ಲ. ಮಗಳು ಬಂದು ನೋಡಿ, "ಅಪ್ಪ, ಇದು ಹೀಗೇ ಇರಬೇಕಾ?" ಅಂದಳು.

ಕಾರು ಬಿಎಂಡಬ್ಲ್ಯು 2002. ಅದು ಇಸವಿಯಲ್ಲ, ಮಾಡೆಲ್ಲಿನ ಹೆಸರು, ಕಾರು 1974ರದ್ದು. ಅಮೆರಿಕದ ನಿಯಮಕ್ಕಾಗಿ ದೊಡ್ಡ ಬಂಪರ್ ಹೊತ್ತು ಬಂದ ಮೊದಲ ವರ್ಷದ್ದು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಹಾಗಾಗಿ ಫ್ರೀಮಾಂಟಿನಲ್ಲಿ ನನ್ನಂಥವರು ಇಂಥ ಗಾಡಿಗಳನ್ನು ಬಿಡದೆ ಕಟ್ಟಿಕೊಂಡಿದ್ದೇವೆ. ಇದರ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್, ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಶಿಯಲ್ ಚಿಕ್ಕದು, ನನ್ನದಂತೂ ಊಳಿಡಲು ಶುರುಮಾಡಿತ್ತು. ಗುಜರಿಯಲ್ಲಿ ಬಿಎಂಡಬ್ಲ್ಯುವಿನದೇ ಎಂಬತ್ತರ ದಶಕದ ಇ30 ಸರಣಿಯ 325ಐ ಒಂದರ ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಚಕ್ರಗಳ ಭಾಗಗಳನ್ನೆಲ್ಲ ಹೊತ್ತು ಬಾಡಿಗೆ ಕೂರುವ ಚೌಕಟ್ಟು, ಇಡಿಯಾಗಿ ಸಿಕ್ಕಿತು. ಡಿಸ್ಕ್ ಬ್ರೇಕ್, 188 ಮಿ.ಮೀ. ಗೇರಿನ ದೊಡ್ಡ ಡಿಫರೆನ್ಶಿಯಲ್, ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಟ್ರೇಲಿಂಗ್ ಆರ್ಮ್, ಆಕ್ಸಲ್ ಎಲ್ಲ ಒಟ್ಟಿಗೆ. ಇದು 2002ರದ್ದಕ್ಕಿಂತ ಅಗಲ. ಬಾಡಿಗೆ ಹೊಸ ಮೌಂಟ್ ಬೆಸುಗೆ ಹಾಕಿಸಬೇಕು, ಚಕ್ರ ಒಳಕ್ಕೆ ಕೂರುವಂಥ ರಿಮ್ ಹುಡುಕಬೇಕು. ಆ ಕಥೆ ಬೇರೆ, ಇಲ್ಲಿ ಬೇಡ.

ಸಬ್‌ಫ್ರೇಮ್ ಜೊತೆ ಬಂದಿದ್ದ ಇ30 ಸ್ಪ್ರಿಂಗನ್ನೇ ಮೊದಲು ಹಾಕಿದ್ದೆ. ಅದು ನನ್ನದಕ್ಕಿಂತ ಭಾರದ ಕಾರಿನದು, ಹಿಂಭಾಗ ನಾಲ್ಕು ಸೆಂಟಿಮೀಟರ್ ಮೇಲೆದ್ದಿತು. ಆಮೇಲೆ ನನ್ನ ಹಳೇ 2002ರ ಸ್ಪ್ರಿಂಗ್ ಹಾಕಿದೆ. ಈ ಸಲ, ಪೂರಾ ಕುಗ್ಗಿದಾಗ ಮಾತ್ರ ತಡೆಯಬೇಕಾದ ಬಂಪ್ ಸ್ಟಾಪ್ ರಬ್ಬರಿನ ಮೇಲೇ ಕೂತುಬಿಟ್ಟಿತು.

ಎತ್ತರ ಬರೀ ಅಂದದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಈ ಕಾರಿನ ಹಿಂದಿನ ಆರ್ಮು ಓರೆಯಾಗಿ ತಿರುಗುತ್ತದೆ. ಹಳೆಯ ಇ21 ಸರಣಿಯಲ್ಲಿ ಆ ಓರೆ 20 ಡಿಗ್ರಿ ಇತ್ತು, ಇ30ಯಲ್ಲಿ 15ಕ್ಕೆ ಇಳಿಸಿದರು. ಓರೆ ಇರುವುದರಿಂದ ಚಕ್ರ ಮೇಲೆ ಕೆಳಗೆ ಹೋದಂತೆಲ್ಲ ಅದರ ವಾಲುವಿಕೆಯೂ ಬದಲಾಗುತ್ತದೆ, ಮುಖ ಮಾಡಿದ ದಿಕ್ಕೂ ಬದಲಾಗುತ್ತದೆ. ತಗ್ಗಿಸಿದರೆ ಟೈರಿನ ಒಳ ಅಂಚು ಸವೆಯುತ್ತದೆ. ಎತ್ತರಿಸಿದರೆ, ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಹಿಂಭಾಗ ಜಾರಿ ಹೊರಕ್ಕೆ ಬೀಸುವ ಹಳೇ ಚಾಳಿ ಇನ್ನೂ ಜೋರಾಗುತ್ತದೆ. ಸ್ಪ್ರಿಂಗ್ ಆರಿಸುವುದು ಅಂದರೆ ಇಲ್ಲಿ ಚಕ್ರದ ಕೋನವನ್ನೂ ಆರಿಸಿದ ಹಾಗೆ.

"ಅರ್ಧ ಸುತ್ತು ಕತ್ತರಿಸಿ ಬಿಸಾಕು" ಅಂದ ಪಕ್ಕದ ಬೀದಿಯ ಗೆಳೆಯ. ಸುಲಭ ಅನಿಸುತ್ತದೆ. ಆದರೆ ಕೆಲಸ ಮಾಡುವ ಸುತ್ತು ನಾಲ್ಕಿದ್ದರೆ, ಅರ್ಧ ಹೋದಾಗ ಸ್ಪ್ರಿಂಗ್ ಶೇ. 14ರಷ್ಟು ಗಟ್ಟಿಯಾಗುತ್ತದೆ. ಕತ್ತರಿಸಿದ ತುದಿ ಸ್ಪ್ರಿಂಗನ್ನು ಹಿಡಿದಿಡುವ ಬಟ್ಟಲಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಗುಜರಿಯಿಂದ ಇನ್ನೊಂದು ಜೊತೆ ತರೋಣ ಎಂದು ವರ್ನಿಯರ್ ಹಿಡಿದು ಹೋದೆ. ಅಲ್ಲಿ ಕಲಿತದ್ದು ಏನೆಂದರೆ, ಗಟ್ಟಿತನ ಕಂಬಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 12 ಮಿ.ಮೀ. ಕಂಬಿಗೂ 12.5ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು, ಗಟ್ಟಿತನ ಶೇ. 18 ಹೆಚ್ಚು. ಮೇಲಿನ ಬಣ್ಣದ ಪದರವನ್ನು ಕೆರೆಯದೆ ಅಳೆದರೆ ಲೆಕ್ಕವೇ ಹಾಳು.

ದಾವಣಗೆರೆಯ ನನ್ನ ಸೋದರಮಾವ ಲಾರಿಗಳ ಕಮಾನು ಪಟ್ಟಿ ಕಟ್ಟುವ ಕೆಲಸ ಮಾಡಿದವರು. ಭಾನುವಾರದ ಫೋನಿನಲ್ಲಿ ಗೋಳು ತೋಡಿಕೊಂಡೆ.

"ಗಾಡಿ ಹೆಸರು ಆಮ್ಯಾಲೆ ಹೇಳು. ಹಿಂದಿನ ಗಾಲಿ ಮ್ಯಾಲೆ ಎಷ್ಟು ತೂಕ ಬೀಳ್ತತಿ?"

"ಗೊತ್ತಿಲ್ಲ ಮಾವ."

"ತೂಕ ಗೊತ್ತಿಲ್ದ ಸ್ಪ್ರಿಂಗ್ ಹುಡುಕಾಕ್ ಹೊಂಟೀಯೇನೋ! ನಿಮ್ಮ ಅಮೆರಿಕಾದಾಗ ತಕ್ಕಡಿ ಸಿಗಂಗಿಲ್ಲೇನು?"

ಸಿಗುತ್ತದೆ. ವಾರಾಂತ್ಯದ ರೇಸಿಗೆ ಹೋಗುವ ಗೆಳೆಯನಿಂದ ನಾಲ್ಕು ಚಕ್ರದ ಕೆಳಗೂ ಇಡುವ ತಕ್ಕಡಿ ತಂದೆ. ನಾನು ಕಾರಿನೊಳಗೆ ಕೂತು ಹೊರಗಿನ ಅಂಕಿ ಓದಲಾಗದು. ನನ್ನ ತೂಕ 73 ಕೆ.ಜಿ. ಅಂದರೆ ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾ ಮಸೂರಿ ಚೀಲ ಎಂಟು. ನಾಲ್ಕು ಮನೆಯವು, ನಾಲ್ಕು ಪಕ್ಕದ ಆಂಧ್ರದವರ ಮನೆಯಿಂದ ಸಾಲ. ಹೆಂಡತಿ ಬೈದಳು, ಬೈಯುವುದು ನ್ಯಾಯವೇ. ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ತೂಗಿದರೆ ಹಿಂದೆ ಎಡಕ್ಕೆ 270 ಕೆ.ಜಿ., ಬಲಕ್ಕೆ 264.

ಇದಿಷ್ಟೂ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ. ಚಕ್ರ, ಟೈರು, ಡಿಸ್ಕು, ಚಕ್ರ ಕೂರುವ ಹಬ್ಬು, ಆರ್ಮಿನ ಅರ್ಧ, ಆಕ್ಸಲ್ಲಿನ ಅರ್ಧ ಇವೆಲ್ಲ ಸ್ಪ್ರಿಂಗಿನ ಕೆಳಗಿನ ತೂಕ. ಬಿಚ್ಚಿಟ್ಟಾಗಲೇ ತೂಗಿದ್ದೆ, ಒಂದು ಬದಿಗೆ ಸುಮಾರು 38 ಕೆ.ಜಿ. ಸರಾಸರಿ 267ರಲ್ಲಿ ಅದನ್ನು ಕಳೆದರೆ 229.

ಈಗ ಬರುವುದೇ ನನ್ನನ್ನು ಎರಡು ಸಲ ಬೀಳಿಸಿದ ಜಾಗ. ಸ್ಪ್ರಿಂಗ್ ಚಕ್ರದ ನೆತ್ತಿ ಮೇಲೆ ಕೂತಿಲ್ಲ. ಆರ್ಮಿನ ಮಧ್ಯದಲ್ಲೆಲ್ಲೋ ಕೂತಿದೆ. ಚಕ್ರ ಒಂದು ಗೇಣು ಎದ್ದರೆ ಸ್ಪ್ರಿಂಗ್ ಅಷ್ಟು ಕುಗ್ಗುವುದಿಲ್ಲ. ಈ ಪ್ರಮಾಣವನ್ನು ಮೋಷನ್ ರೇಶಿಯೋ ಅನ್ನುತ್ತಾರೆ. ಸಬ್‌ಫ್ರೇಮ್ ಬದಲಾದರೆ ಆರ್ಮು ಬದಲಾಗುತ್ತದೆ, ಆರ್ಮು ಬದಲಾದರೆ ಇದೂ ಬದಲಾಗುತ್ತದೆ. ಹಳೇ ಕಾರಿನ ಪುಸ್ತಕದ ಅಂಕಿ ಆಗ ಉಪಯೋಗಕ್ಕಿಲ್ಲ. ಸಬ್‌ಫ್ರೇಮ್ ಕೊಟ್ಟ ಇ30 ಕಾರಿನದನ್ನೂ ನಾನು ನಂಬಲಿಲ್ಲ, ಏಕೆಂದರೆ ಮೇಲಿನ ಬಟ್ಟಲು ಇನ್ನೂ 2002ರ ಬಾಡಿಯದೇ. ಸ್ಪ್ರಿಂಗ್ ಮತ್ತು ಎರಡು ಬದಿಯ ಆರ್ಮುಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರಿನ ಕೊಂಡಿ ತೆಗೆದು, ಹಬ್ಬಿನ ಕೆಳಗೆ ಜಾಕ್ ಇಟ್ಟು, ಹತ್ತು ಹತ್ತು ಮಿಲಿಮೀಟರಿನಂತೆ ಎತ್ತಿ, ಪ್ರತಿ ಸಲವೂ ಬಟ್ಟಲಿಂದ ಬಟ್ಟಲಿಗೆ ಅಳೆದೆ. ಚಕ್ರ 100 ಮಿ.ಮೀ. ಎದ್ದರೆ ಸ್ಪ್ರಿಂಗಿನ ಜಾಗ 68 ಮಿ.ಮೀ. ಕುಗ್ಗಿತು. ಅಂದರೆ 0.68.

ಈ ಅಂಕಿ ಲೆಕ್ಕದಲ್ಲಿ ಎರಡು ಸಲ ಬರುತ್ತದೆ. ಆರ್ಮು ಸನ್ನೆಗೋಲಿದ್ದ ಹಾಗೆ: ಸ್ಪ್ರಿಂಗ್ ಕಡಿಮೆ ಚಲಿಸುತ್ತದೆ ಅನ್ನುವುದು ಒಂದು, ಅದರ ಬಲ ಚಕ್ರಕ್ಕೆ ಮುಟ್ಟುವಾಗ ಮತ್ತೆ ಅಷ್ಟೇ ಪಾಲು ಕಡಿಮೆಯಾಗುತ್ತದೆ ಅನ್ನುವುದು ಇನ್ನೊಂದು. ಆದ್ದರಿಂದ ವರ್ಗ ಮಾಡಬೇಕು, 0.46. ಸ್ಪ್ರಿಂಗ್ ಎಷ್ಟೇ ಗಟ್ಟಿಯಿರಲಿ, ಚಕ್ರಕ್ಕೆ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಮೊದಲ ಸಲ ನಾನು ವರ್ಗ ಮಾಡುವುದನ್ನೇ ಮರೆತಿದ್ದೆ.

ಎಷ್ಟು ಗಟ್ಟಿ ಬೇಕು ಅನ್ನುವುದಕ್ಕೆ ನಾನು ಹಿಡಿದ ಅಳತೆಗೋಲು ಗಾಡಿ ಒಂದು ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತದೆ ಅನ್ನುವುದು. ನನ್ನ ಮುಂಭಾಗ 1.38 ಹರ್ಟ್ಸ್. ಹಿಂಭಾಗ ಅದಕ್ಕಿಂತ ತುಸು ಚುರುಕಾಗಿರಬೇಕು ಅನ್ನುವ ವಿಚಾರ 1930ರ ದಶಕದ್ದು, ಜನರಲ್ ಮೋಟಾರ್ಸಿನಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಕಂಡುಕೊಂಡದ್ದು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಹಿಂದಿನದಕ್ಕೆ ತಡವಾಗಿ. ನನ್ನ ಕಾರಿನ ಚಕ್ರಗಳ ನಡುವಿನ ಅಂತರ 2,500 ಮಿ.ಮೀ.; ಗಂಟೆಗೆ 65 ಮೈಲಿಯಲ್ಲಿ ಆ ತಡ ಸೆಕೆಂಡಿನ ಹನ್ನೆರಡನೇ ಒಂದು ಭಾಗಕ್ಕೆ ಹತ್ತಿರ. ಹಿಂಭಾಗ ಚುರುಕಾಗಿದ್ದರೆ ಮುಂಭಾಗದ ತೂಗನ್ನು ಹಿಡಿದುಕೊಳ್ಳುತ್ತದೆ, ಗಾಡಿ ಮೂಗು ಎತ್ತಿ ಬಾಲ ಎತ್ತಿ ಆಡುವುದಿಲ್ಲ. 880 ಹೆದ್ದಾರಿಯ ಕಾಂಕ್ರೀಟ್ ಜೋಡಣೆಗಳ ಮೇಲೆ ದಿನಾ ಟಕ್ ಟಕ್ ಅಂತ ಹೋಗುವವನಿಗೆ ಇದು ಬರೀ ಸಿದ್ಧಾಂತವಲ್ಲ. 1.55 ಹರ್ಟ್ಸ್ ಎಂದು ನಿಶ್ಚಯಿಸಿದೆ.

229 ಕೆ.ಜಿ.ಗೆ 1.55 ಬೇಕೆಂದರೆ ಚಕ್ರದಲ್ಲಿ ಮಿಲಿಮೀಟರಿಗೆ 21.7 ನ್ಯೂಟನ್ ಇರಬೇಕು. 0.46ರಿಂದ ಭಾಗಿಸಿದರೆ ಸ್ಪ್ರಿಂಗ್ 47. ಇಲ್ಲಿನ ಭಾಷೆಯಲ್ಲಿ ಇಂಚಿಗೆ 268 ಪೌಂಡ್.

ಗಟ್ಟಿತನ ಸಿಕ್ಕಿತು, ಇನ್ನು ಉದ್ದ. ಸ್ಪ್ರಿಂಗ್ ಮೇಲೆ ಬೀಳುವುದು 229 ಕೆ.ಜಿ. ಅಲ್ಲ, ಸನ್ನೆಯ ಕಾರಣ 337. ಅಷ್ಟಕ್ಕೆ ಅದು 70 ಮಿ.ಮೀ. ಕುಗ್ಗುತ್ತದೆ. ಕಾರು ನನಗೆ ಬೇಕಾದ ಎತ್ತರದಲ್ಲಿ ನಿಂತಾಗ ಎರಡು ಬಟ್ಟಲ ನಡುವೆ 205 ಮಿ.ಮೀ. ಇತ್ತು. ಕೂಡಿಸಿ 275 ಎಂದು ಬರೆದುಕೊಂಡು ಆರ್ಡರ್ ಮಾಡಲು ಕೂತವನಿಗೆ ಮೇಜಿನ ಮೇಲಿದ್ದ ರಬ್ಬರ್ ಪ್ಯಾಡು ಕಣ್ಣಿಗೆ ಬಿತ್ತು. ಮೇಲೊಂದು ಕೆಳಗೊಂದು, ತಲಾ 5 ಮಿ.ಮೀ. ಹಾಗಾಗಿ ಜಾಗ 195, ಉದ್ದ 265. ಆ ಹತ್ತು ಮಿಲಿಮೀಟರ್ ಬಿಟ್ಟಿದ್ದರೆ ಚಕ್ರದ ಬಳಿ ಕಾರು ಹದಿನೈದು ಎತ್ತರ ನಿಲ್ಲುತ್ತಿತ್ತು. ಇನ್ನೊಂದನ್ನು ನೋಡಲೇಬೇಕು: ಗಾಡಿ ಎತ್ತಿದಾಗ ಚಕ್ರ ಪೂರಾ ಜೋತುಬಿದ್ದರೂ ಸ್ಪ್ರಿಂಗ್ ಸಡಿಲವಾಗಬಾರದು. ನನ್ನ ಶಾಕ್ ಅಬ್ಸಾರ್ಬರ್ ಚಕ್ರವನ್ನು 80 ಮಿ.ಮೀ. ಕೆಳಗೆ ಬಿಡುತ್ತದೆ, ಸ್ಪ್ರಿಂಗಿಗೆ ಅದು 54. ಎಪ್ಪತ್ತರಲ್ಲಿ ಐವತ್ನಾಲ್ಕು ಹೋದರೂ ಇನ್ನೂ 16 ಬಿಗಿ ಉಳಿಯುತ್ತದೆ. ಇಲ್ಲದಿದ್ದರೆ ಉಬ್ಬು ಹಾರಿದಾಗ ಸ್ಪ್ರಿಂಗ್ ಬಟ್ಟಲು ಬಿಟ್ಟು ಹೊರಬೀಳುತ್ತದೆ.

ಅಗಲದ ಸಬ್‌ಫ್ರೇಮಿನಿಂದ ಕೆಳಗಿನ ಬಟ್ಟಲು ಮೇಲಿನದಕ್ಕಿಂತ ಎರಡು ಬೆರಳಷ್ಟು ಹೊರಕ್ಕೆ ಹೋಗಿತ್ತು. ಸ್ಪ್ರಿಂಗ್ ಬಾಳೆಹಣ್ಣಿನ ಹಾಗೆ ಬಾಗುತ್ತಿತ್ತು. ಹೇಗೂ ಬಟ್ಟಲು ಕಿತ್ತು ಮತ್ತೆ ಬೆಸೆಯಬೇಕು ಅಂದಮೇಲೆ ನನಗೆ ಬೇಕಾದ ಅಳತೆಗೇ ಮಾಡಿಸಿದೆ. ಇಲ್ಲಿ ಮಣ್ಣಿನ ಟ್ರ್ಯಾಕಿನ ರೇಸ್ ಕಾರುಗಳಿಗೆಂದೇ 5 ಇಂಚು ವ್ಯಾಸ, 9.5 ಇಂಚು ಉದ್ದದ ಸ್ಪ್ರಿಂಗ್ ಸಿಗುತ್ತದೆ, ಗಟ್ಟಿತನ 25 ಪೌಂಡಿನ ಮೆಟ್ಟಿಲಿನಲ್ಲಿ. ಎರಡೂವರೆ ಇಂಚಿನ ಸಪೂರ ಸ್ಪ್ರಿಂಗನ್ನು ಬಹಳ ಜನ ಹಾಕುತ್ತಾರೆ. ಆರ್ಮು ಕಮಾನಿನ ಹಾದಿಯಲ್ಲಿ ಚಲಿಸುವಲ್ಲಿ ಸಪೂರವಾದ ಉದ್ದ ಸ್ಪ್ರಿಂಗ್ ಸೊಟ್ಟಗೆ ಬಾಗುತ್ತದೆ, ನನಗೆ ಮನಸ್ಸಾಗಲಿಲ್ಲ. 250ಕ್ಕೂ 275ಕ್ಕೂ ನಡುವೆ ನನ್ನ 268 ಇತ್ತು. ಹತ್ತಿರದ್ದು ಎಂದು 275 ತಂದೆ, ಉದ್ದದ ಕೊರತೆಗೆ ಅಲ್ಯೂಮಿನಿಯಂ ಬಳೆ ಮಾಡಿಸಿ ಕೆಳಗಿಟ್ಟೆ.

ಇಳಿಸಿ ನೋಡಿದರೆ ಎತ್ತರ ಸರಿ, ಆದರೆ ಎಡಕ್ಕಿಂತ ಬಲ ಏಳು ಮಿ.ಮೀ. ಮೇಲೆ. ಸ್ಪ್ರಿಂಗ್ ಮಾರಿದವರನ್ನು ಮನಸಾರೆ ಬೈದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲು ಬದಲು ಮಾಡಿದೆ. ಓರೆ ಜಾಗ ಬದಲಿಸಲಿಲ್ಲ, ಬಲವೇ ಮೇಲೆ. ತಪ್ಪು ಸ್ಪ್ರಿಂಗಿನದಲ್ಲ. ಆರ್ಮು ಸಬ್‌ಫ್ರೇಮಿಗೆ ಸೇರುವ ಕೀಲಿನ ಬುಷ್ ಹೊಸ ರಬ್ಬರಿನದು; ಅದು ಉಕ್ಕಿನ ಕೊಳವೆಗೆ ಅಂಟಿಕೊಂಡು ತಿರುಚಿಕೊಳ್ಳುತ್ತದೆ, ಜಾರುವುದಿಲ್ಲ. ಎಡದ ಬೋಲ್ಟನ್ನು ಕಾರು ನೆಲದ ಮೇಲಿದ್ದಾಗ ಬಿಗಿದಿದ್ದೆ; ಬಲದ್ದನ್ನು ಹಿಂದಿನ ರಾತ್ರಿ, ಚಕ್ರ ಜೋತುಬಿದ್ದಾಗಲೇ. ಕಾರು ಕೆಳಗಿಳಿದಾಗ ಆ ಬುಷ್ಷು ಎರಡನೇ ಸ್ಪ್ರಿಂಗಾಗಿ ಒದ್ದು ಎತ್ತುತ್ತಿತ್ತು. ಅಕ್ಕಿ ಚೀಲ ಮತ್ತೆ ಸೀಟಿಗೇರಿಸಿ, ಚಕ್ರಗಳನ್ನು ಹಲಗೆ ಮೇಲೆ ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟು ಮತ್ತೆ ಬಿಗಿದೆ. ಓರೆ ಹೋಯಿತು.

ಬುಷ್ಷು ಎರಡನೇ ಸ್ಪ್ರಿಂಗು ಅಂದಮೇಲೆ ನನ್ನ ಲೆಕ್ಕದಲ್ಲಿ ಅದೆಲ್ಲಿ? ಶಾಕಿನ ಕೆಳತುದಿ ಬಿಚ್ಚಿ, ಡಿಕ್ಕಿಯಲ್ಲಿ ಫೋನಿಟ್ಟು, ಹಿಂಭಾಗ ಒತ್ತಿ ಬಿಟ್ಟು ತೂಗಾಟ ಅಳೆದೆ. 275ಕ್ಕೆ ಕಾಗದದ ಮೇಲೆ 1.57 ಹರ್ಟ್ಸ್, ಫೋನ್ ಹೇಳಿದ್ದು 1.64. ನಡುವಿನ ವ್ಯತ್ಯಾಸ ರಬ್ಬರಿನದು, ಚಕ್ರದಲ್ಲಿ ಮಿಲಿಮೀಟರಿಗೆ ಸುಮಾರು 2 ನ್ಯೂಟನ್. ಹೆದ್ದಾರಿಯಲ್ಲೂ ಬೆನ್ನಿಗೆ ಅದು ತಿಳಿಯುತ್ತಿತ್ತು, ಹಿಂಭಾಗ ತುಸು ಚಡಪಡಿಕೆ. 250ರ ಜೊತೆ ತಂದು, ಏಳು ಮಿಲಿಮೀಟರಿನ ಇನ್ನೊಂದು ಬಳೆ ಸೇರಿಸಿ ಅಳೆದರೆ 1.57. ಬೇಕಾದ 1.55ಕ್ಕೆ ಇದಕ್ಕಿಂತ ಹತ್ತಿರ ಹೋಗುವ ಸ್ಪ್ರಿಂಗ್ ಆ ಅಂಗಡಿಯಲ್ಲಿಲ್ಲ. ಪಾಲಿಯೂರಿಥೇನ್ ಬುಷ್ ಹಾಕಿದವರಿಗೆ ಈ ಅಂಕಿ ಬೇರೆಯೇ ಬರುತ್ತದೆ, ನನ್ನ 250 ಅವರಿಗೆ ಹೊಂದದು.

ನೈಲ್ಸ್ ಕಣಿವೆ ರಸ್ತೆಯ ತಿರುವುಗಳಲ್ಲಿ ಈಗ ಕಾಲು ತೆಗೆದರೂ ಹಿಂಭಾಗ ಗಾಬರಿಬೀಳುವುದಿಲ್ಲ. ಬಲಬದಿ ಮಾತ್ರ ಟ್ಯಾಂಕ್ ತುಂಬಿಸಿದ ದಿನ ಮೂರು ಮಿ.ಮೀ. ತಗ್ಗುತ್ತದೆ, ಪೆಟ್ರೋಲ್ ಟ್ಯಾಂಕ್ ಆ ಬದಿಗಿದೆ. ಲಿವರ್‌ಮೋರ್‌ಗೆ ಹೋಗಿಬರುವಷ್ಟರಲ್ಲಿ ಸಮವಾಗುತ್ತದೆ.