ಮನೆಯವ್ರನ್ನ ಪೊಲೀಸ್ರು ಕರ್ಕೊಂಡು ಹೋದ್ರೆ: ಫ್ರೀ ವಕೀಲರು, ಜಾಮೀನು ಸಿಗೋದು ಹೇಗೆ?

ಕೋರ್ಟ್ ಮೆಟ್ಟಿಲ ಹತ್ರ ಒಬ್ರು ಅಮ್ಮ ಕೂತಿದ್ರು, ಕೈಯಲ್ಲಿ ಬಟ್ಟೆ ಅಂಗಡಿ ಕವರು, ಅದ್ರಲ್ಲಿ ರೇಷನ್ ಕಾರ್ಡು, ಮಗನ ಆಧಾರ್, ಮಡಚಿ ಮಡಚಿ ಗೆರೆ ಬಿದ್ದಿರೋ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡು. ಮಗನ್ನ ಬಿಡಿಸ್ತೀನಿ ಅಂತ ಯಾರೋ ಹದಿನೈದು ಸಾವಿರ ಕೇಳಿದಾರೆ ಅಂತ ಓಲೆ ಅಡ ಇಟ್ಟು ಬಂದಿದ್ರು. ಅವ್ರು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಅದೇ ಬಿಲ್ಡಿಂಗಲ್ಲಿ, ಫ್ರೀಯಾಗಿ ವಕೀಲರನ್ನ ಕೊಡೋ ಕಾನೂನು ಸೇವಾ ಪ್ರಾಧಿಕಾರದ ಬೋರ್ಡಿತ್ತು, ಮೂರು ದಿನದಿಂದ ಅದ್ರ ಮುಂದೇನೇ ಓಡಾಡಿದ್ರು ಪಾಪ, ಒಬ್ರೂ ಹೇಳಿರ್ಲಿಲ್ಲ. ನನಗೆ ಹೊಟ್ಟೆ ಉರಿದು ಹೋಯ್ತು, ಅದಕ್ಕೇ ಇದನ್ನ ಬರೀತಿದೀನಿ.

ಮೊದಲ ದಿನ

ಫಸ್ಟು ಯಾವ ಠಾಣೆ, ಯಾವ ಕೇಸು ಅಂತ ತಿಳ್ಕೊಳ್ಳಿ. 2024ರ ಜುಲೈ 1ರಿಂದ ಅರೆಸ್ಟು, ಜಾಮೀನಿನ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಅಂತ ಹೊಸ ಕಾನೂನು ಬಂದಿದೆ, ಅದ್ರ ಪ್ರಕಾರ ಯಾಕೆ ಅರೆಸ್ಟ್ ಮಾಡಿದೀವಿ ಅಂತ ಅವ್ರಿಗೆ ಹೇಳ್ಬೇಕು, ಎಲ್ಲಿ ಇಟ್ಟಿದೀವಿ ಅಂತ ಮನೆಯವ್ರಿಗೂ ತಿಳಿಸ್ಬೇಕು. 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಲೇಬೇಕು, ದಾರಿಯ ಟೈಮು ಮಾತ್ರ ಲೆಕ್ಕಕ್ಕಿಲ್ಲ. ಆದ್ರಿಂದ ಎಷ್ಟೊತ್ತಿಗೆ ಕರ್ಕೊಂಡು ಹೋದ್ರು ಅನ್ನೋದನ್ನ ಅವಾಗ್ಲೇ ಒಂದು ಚೀಟೀಲಿ ಬರೆದಿಟ್ಕೊಳ್ಳಿ, ಆಮೇಲೆ ಎಲ್ರೂ ಒಂದೊಂದು ಟೈಮ್ ಹೇಳ್ತಾರೆ. ಮೆಡಿಕಲ್ ಚೆಕಪ್‌ಗೆ ಕರ್ಕೊಂಡು ಹೋದಾಗ ಮೈಮೇಲೆ ಏಟಿದ್ರೆ ಡಾಕ್ಟರ್‌ಗೆ ಹೇಳಿ ಬರೆಸ್ಬೇಕು, ಜಡ್ಜ್ ಮುಂದೆ ನಿಂತಾಗ್ಲೂ ಬಾಯಿಬಿಟ್ಟು ಹೇಳ್ಬೇಕು.

ಫ್ರೀ ವಕೀಲರು

15100ಗೆ ಕಾಲ್ ಮಾಡಿ, ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ನಂಬರು. ಅಥವಾ ನೇರವಾಗಿ ಹೋಗಿ, ಜಿಲ್ಲಾ ಕೋರ್ಟಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತೆ, ತಾಲ್ಲೂಕಲ್ಲಿ ತಾಲ್ಲೂಕು ಸಮಿತಿ, ರಾಜ್ಯದ್ದು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಎಷ್ಟೋ ಜನ ನಮ್ಮದು ಬಿಪಿಎಲ್ ಅಲ್ಲ, ನಮಗೆ ಕೊಡಲ್ಲ ಅಂತ ವಾಪಸ್ ಹೋಗ್ತಾರೆ. ಹಾಗಲ್ಲ ಕಣ್ರೀ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡೀಲಿರೋ ಯಾರಿಗೇ ಆಗ್ಲಿ ಆದಾಯ ನೋಡದೆ ವಕೀಲರನ್ನ ಕೊಡ್ಬೇಕು, ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವ್ರು, ಅಂಗವಿಕಲರಿಗೂ ಅಷ್ಟೇ. ಹಾಜರು ಮಾಡೋ ಮೊದಲ ದಿನಾನೇ ವಕೀಲರು ಸಿಗ್ಬೇಕು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. "ಸ್ವಾಮಿ, ವಕೀಲರನ್ನ ಇಡೋಕೆ ನನಗೆ ಶಕ್ತಿ ಇಲ್ಲ, ಕೊಡಿ" ಅಂತ ಜಡ್ಜ್ ಹತ್ರಾನೇ ಕೇಳಬಹುದು, ಜೈಲಿಗೆ ಹೋದ್ಮೇಲೆ ಅಲ್ಲಿನ ಲೀಗಲ್ ಏಡ್ ಕ್ಲಿನಿಕ್‌ನಲ್ಲೂ ಅರ್ಜಿ ಕೊಡಬಹುದು. ಕೊಟ್ಟ ವಕೀಲರು ಫೀಸ್ ಕೇಳೋ ಹಾಗಿಲ್ಲ, ಕೇಳಿದ್ರೆ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ ಬರ್ಕೊಡಿ, ವಕೀಲರನ್ನ ಬದಲಾಯಿಸಿ ಅಂತಾನೂ ಕೇಳಬಹುದು.

ಹುಡುಗನಿಗೆ 18 ಆಗಿಲ್ಲ ಅಂದ್ರೆ

ಇದೇ ಎಲ್ಲಕ್ಕಿಂತ ಮುಖ್ಯ, ಇಲ್ಲೇ ಜಾಸ್ತಿ ತಪ್ಪಾಗೋದು. ಘಟನೆ ನಡೆದ ದಿನ 18 ತುಂಬಿಲ್ದಿದ್ರೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಲಾಕಪ್ಪಿಗೂ ಹಾಕೋ ಹಾಗಿಲ್ಲ, ಜೈಲಿಗೂ ಕಳ್ಸೋ ಹಾಗಿಲ್ಲ, ಬೇಡಿ ಹಾಕೋ ಹಾಗಿಲ್ಲ, ಬಾಲನ್ಯಾಯ ಮಂಡಳಿ ಮುಂದೆ ಕರ್ಕೊಂಡು ಹೋಗ್ಬೇಕು. ಅಲ್ಲಿ ಒಬ್ರು ಮ್ಯಾಜಿಸ್ಟ್ರೇಟ್, ಇಬ್ರು ಸಮಾಜ ಕಾರ್ಯಕರ್ತರು ಇರ್ತಾರೆ, ಆ ಇಬ್ರಲ್ಲಿ ಒಬ್ರಾದ್ರೂ ಹೆಂಗಸರಿರ್ಬೇಕು. ಜಾಮೀನು ಕೊಡೋದೇ ಅಲ್ಲಿ ರೂಢಿ, ಶ್ಯೂರಿಟಿ, ಅಂದ್ರೆ ಹೊಣೆ ನಿಲ್ಲೋರು, ಇಲ್ದೇನೂ ಕೊಡಬಹುದು, ಬಿಟ್ರೆ ಹುಡುಗ ಕೆಟ್ಟವ್ರ ಸಹವಾಸಕ್ಕೆ ಬೀಳ್ತಾನೆ, ಅಪಾಯ ಆಗುತ್ತೆ ಅನ್ನೋ ಥರದ ಕಾರಣ ಇದ್ರೆ ಮಾತ್ರ ಕೇಸು ಮುಗಿಯೋವರೆಗೆ ಮಕ್ಕಳನ್ನ ಇಡೋ ವೀಕ್ಷಣಾಲಯಕ್ಕೆ ಕಳಿಸ್ತಾರೆ.

ಆ ಅಮ್ಮನ ಮಗನ ವಯಸ್ಸು ಕೇಸಿನ ಕಾಗದದಲ್ಲಿ 19 ಅಂತಿತ್ತು. ಮಾರ್ಕ್ಸ್ ಕಾರ್ಡ್ ನೋಡಿದ್ರೆ 17 ವರ್ಷ 4 ತಿಂಗಳು! ಕಾಗದ ಅವ್ರ ಕೈಯಲ್ಲೇ ಇತ್ತು, ಅದನ್ನ ಜಡ್ಜ್‌ಗೆ ತೋರಿಸ್ಬೇಕು ಅಂತ ಮಾತ್ರ ಗೊತ್ತಿರ್ಲಿಲ್ಲ. ವಯಸ್ಸಿಗೆ ಮೊದಲು ನೋಡೋದು ಶಾಲೆಯ ಜನ್ಮ ದಿನಾಂಕದ ಸರ್ಟಿಫಿಕೇಟು ಇಲ್ಲಾ ಎಸ್ಎಸ್ಎಲ್‌ಸಿದು, ಅದಿಲ್ದಿದ್ರೆ ಪಂಚಾಯ್ತಿ ಅಥವಾ ಮುನಿಸಿಪಾಲಿಟಿಯ ಜನನ ಪ್ರಮಾಣಪತ್ರ, ಎರಡೂ ಇಲ್ದಿದ್ರೆ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟೀಲಿಲ್ಲ. ಬರೀ ಟಿಸಿ ಸಾಲಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಹೆಡ್‌ಮಾಸ್ಟರ್ ಹತ್ರ ದಾಖಲಾತಿ ರಿಜಿಸ್ಟರ್ ನೋಡಿ ಜನ್ಮ ದಿನಾಂಕದ ಸರ್ಟಿಫಿಕೇಟೇ ಬರೆಸ್ಕೊಂಡು ಬನ್ನಿ. ಲೇಟಾಯ್ತು ಅಂತ ಸುಮ್ನಾಗ್ಬೇಡಿ, ಶಿಕ್ಷೆ ಆದ್ಮೇಲೂ ಈ ವಿಷಯ ಎತ್ತಬಹುದು. ಮಕ್ಕಳ ಸಹಾಯವಾಣಿ 1098 ಕೂಡ ನೆನಪಿರ್ಲಿ.

ಜಾಮೀನು ಸಿಕ್ಕಿದೆ, ಆದ್ರೂ ಬಿಟ್ಟಿಲ್ಲ

ಇದು ಬಡವರ ಮನೇಲಿ ತುಂಬಾ ನಡೆಯುತ್ತೆ, ಆರ್ಡರ್ ಆಗಿರುತ್ತೆ, ಶ್ಯೂರಿಟಿಗೆ ಪಹಣಿ ಇರೋರು ಬೇಕು, ಊರಲ್ಲಿ ಯಾರೂ ಪಹಣಿ ಕೊಡೋಕೆ ಮುಂದೆ ಬರಲ್ಲ, ಹುಡುಗ ಒಳಗೇ ಇರ್ತಾನೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿಸಿದೆ. ಆರ್ಡರ್ ಆಗಿ 7 ದಿನದಲ್ಲಿ ಬಿಡುಗಡೆ ಆಗ್ಲಿಲ್ಲ ಅಂದ್ರೆ ಜೈಲಿನ ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಒಂದು ತಿಂಗಳಾದ್ರೂ ಬಾಂಡ್ ಕೊಡೋಕಾಗ್ಲಿಲ್ಲ ಅಂದ್ರೆ ಕೋರ್ಟೇ ಷರತ್ತು ಸಡಿಲ ಮಾಡೋ ಬಗ್ಗೆ ಯೋಚಿಸಬಹುದು. ನೀವು ಕಾಯ್ತಾ ಕೂರ್ಬೇಡಿ, ಎಂಟನೇ ದಿನವೇ ಆರ್ಡರ್ ಕಾಪಿ ಹಿಡ್ಕೊಂಡು ಪ್ರಾಧಿಕಾರಕ್ಕೆ ಹೋಗಿ. ದುಡ್ಡೇ ಅಡ್ಡಿ ಆಗಿದ್ರೆ ಕೇಂದ್ರ ಸರ್ಕಾರದ್ದು ಬಡ ಕೈದಿಗಳಿಗೆ ನೆರವು ಕೊಡೋ ಸ್ಕೀಮಿದೆ, ಕೇಸು ಇನ್ನೂ ಮುಗೀದೆ ಜೈಲಲ್ಲಿರೋ ವಿಚಾರಣಾಧೀನರಿಗೂ, ದಂಡ ಕಟ್ಟೋಕಾಗ್ದೆ ಉಳಿದಿರೋ ಶಿಕ್ಷಿತರಿಗೂ ಸಿಗುತ್ತೆ, ಎಷ್ಟರವರೆಗೆ ಅಂತ ಪ್ರಾಧಿಕಾರದಲ್ಲೇ ಕೇಳಿ, ಕೆಲವು ಕೇಸುಗಳಿಗೆ ಅನ್ವಯಿಸಲ್ಲ, ಜಿಲ್ಲೆಯ ಸಮಿತಿ ನೋಡಿ ಮಂಜೂರು ಮಾಡುತ್ತೆ.

ತಾರೀಖು ಎಣಿಸ್ತಾ ಇರಿ

ಕ್ಯಾಲೆಂಡರ್‌ನಲ್ಲಿ ಮೊದಲ ರಿಮ್ಯಾಂಡ್ ದಿನಕ್ಕೆ, ಅಂದ್ರೆ ಜಡ್ಜ್ ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನಕ್ಕೆ, ರೌಂಡ್ ಹಾಕಿ. 60 ದಿನದಲ್ಲಿ, 10 ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರೋ ದೊಡ್ಡ ಕೇಸಾದ್ರೆ 90 ದಿನದಲ್ಲಿ, ಪೊಲೀಸ್ರ ಚಾರ್ಜ್‌ಶೀಟ್ (ಆರೋಪಪಟ್ಟಿ) ಕೋರ್ಟಿಗೆ ಬರ್ಲಿಲ್ಲ ಅಂದ್ರೆ ಜಾಮೀನು ಕೇಳೋದು ಹಕ್ಕು. ಆದ್ರೆ ಚಾರ್ಜ್‌ಶೀಟ್ ಬರೋಕೆ ಮುಂಚೆ ಅರ್ಜಿ ಹಾಕಿರ್ಬೇಕು, ಒಂದು ದಿನ ತಡ ಆದ್ರೂ ಕೈ ತಪ್ಪಿ ಹೋಗುತ್ತೆ, ಆದ್ರಿಂದ ವಕೀಲರಿಗೆ ನೀವೇ ಫೋನ್ ಮಾಡಿ ನೆನಪಿಸಿ. ಇನ್ನೊಂದು, ಬಿಎನ್‌ಎಸ್‌ಎಸ್ 479ನೇ ಸೆಕ್ಷನ್: ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಸಲದ ಆರೋಪಿ ಆದ್ರೆ ಮೂರನೇ ಒಂದು ಭಾಗ, ಒಳಗೇ ಕಳೆದಿದ್ರೆ ಜೈಲಿನ ಸೂಪರಿಂಟೆಂಡೆಂಟೇ ಕೋರ್ಟಿಗೆ ಅರ್ಜಿ ಹಾಕ್ಬೇಕು. ಮರಣದಂಡನೆ, ಜೀವಾವಧಿ ಇರೋ ಕೇಸಿಗೂ, ಒಂದಕ್ಕಿಂತ ಜಾಸ್ತಿ ಕೇಸಿರೋರಿಗೂ ಇದು ಸಿಗಲ್ಲ. ಮುಂದಿನ ಡೇಟ್ ಯಾವಾಗ ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿಗೆ ಕೊಟ್ಟಿರೋ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದ್ರೆ ಬರುತ್ತೆ.

ಹೊರಗೆ ಬಂದ್ಮೇಲೆ

ಬಾಲನ್ಯಾಯ ಮಂಡಳೀಲಿ ಮುಗಿದ ಕೇಸು ಹುಡುಗನ ಓದಿಗೆ, ಕೆಲಸಕ್ಕೆ ಅಡ್ಡ ಬರೋ ಹಾಗಿಲ್ಲ, ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಹಾಗೇ ಇದೆ, 16 ದಾಟಿ ದೊಡ್ಡವ್ರ ಥರ ವಿಚಾರಣೆ ಆಗಿ ತಪ್ಪಿತಸ್ಥ ಅಂತಾದವ್ರಿಗೆ ಮಾತ್ರ ಬೇರೆ ನಿಯಮ. ಅವನ ಹೆಸರು, ಫೋಟೋ, ಶಾಲೆ ಯಾವ್ದನ್ನೂ ಪೇಪರಲ್ಲಾಗ್ಲಿ ವಾಟ್ಸಾಪಲ್ಲಾಗ್ಲಿ ಹಾಕೋ ಹಾಗಿಲ್ಲ. ಕಾಲೇಜಲ್ಲಿ ಸೀಟ್ ಕೊಡಲ್ಲ ಅಂದ್ರೆ ಅದನ್ನ ಬರಹದಲ್ಲಿ ಕೊಡಿ ಅಂತ ಕೇಳಿ, ಆ ಕಾಗದ ತಗೊಂಡು ಮತ್ತೆ ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.