ಲಿನಕ್ಸಲ್ಲೇ ಕೂತು ವಿಂಡೋಸ್‌ಗೆ ಇಎಕ್ಸ್‌ಇ ಮಾಡೋದು: ನನ್ನ ಅನುಭವ

ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿಟ್ಟಿರೋ ಹಳೇ ಫೈಲುಗಳನ್ನ ಯೂನಿಕೋಡ್‌ಗೆ ತಿರುಗಿಸೋ ಒಂದು ಸಣ್ಣ ಟೂಲನ್ನ ಸಿ++ ಅಲ್ಲಿ ಬರ್ದಿದೀನಿ. ನಾನು ಕೆಲಸ ಮಾಡೋದು ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ, ಆದ್ರೆ ಆ ಫೈಲುಗಳು ಇರೋದು ಡಿಟಿಪಿ ಮಾಡೋರ ಹತ್ರ, ಅವ್ರದ್ದೆಲ್ಲ ವಿಂಡೋಸೇ, ಹಾಗಾಗಿ ಇಲ್ಲಿಂದ್ಲೇ ಇಎಕ್ಸ್‌ಇ (ವಿಂಡೋಸಲ್ಲಿ ಓಡೋ ಪ್ರೋಗ್ರಾಂ ಫೈಲ್) ಬಿಲ್ಡ್ ಮಾಡಿ ಕೊಡ್ತೀನಿ.

ಡೆಬಿಯನ್ನಿಗೆ ಸಾಫ್ಟ್‌ವೇರ್ ಹಾಕೋ ಆಪ್ಟ್‌ನಲ್ಲಿ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಪ್ಯಾಕೇಜ್ ಹಾಕ್ಕೊಂಡ್ರೆ ಕಂಪೈಲರ್ (ಕೋಡನ್ನ ಪ್ರೋಗ್ರಾಂ ಮಾಡೋದು) ರೆಡಿ, ಅದೂ ಲಿನಕ್ಸಲ್ಲಿ ಬಳಸೋ ಜಿಸಿಸಿನೇ, ಹೊರಗೆ ಬರೋದು ಮಾತ್ರ ವಿಂಡೋಸ್ ಬೈನರಿ. ಬೇರೆಯವ್ರ ಕೋಡ್ ಸೇರಿಸ್ಕೊಂಡಿದ್ರೆ ಅದು ಒಳಗೆ ಸೇರಿಸ್ಕೊಳೋ ಹೆಡರ್ ಫೈಲುಗಳ ಹೆಸ್ರು ನೋಡ್ಕೊಳಿ, ವಿಂಡೋಸ್.ಹೆಚ್ ಅನ್ನೋದನ್ನ ಕ್ಯಾಪಿಟಲ್ ಅಕ್ಷರದಲ್ಲಿ ಬರ್ದಿದ್ರೆ ವಿಂಡೋಸಲ್ಲಿ ನಡಿಯತ್ತೆ, ಲಿನಕ್ಸಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ, ಹಾಗಾಗಿ ಆ ಫೈಲೇ ಇಲ್ಲ ಅನ್ನತ್ತೆ.

ಕಂಪೈಲ್ ಆದ್ಮೇಲೆ ಇರೋದು ಡಿಎಲ್‌ಎಲ್, ಅಂದ್ರೆ ಪ್ರೋಗ್ರಾಂ ಓಡೋವಾಗ ಬೇಕಾಗೋ ಬೇರೆ ಕೋಡ್ ಫೈಲುಗಳ ವಿಷ್ಯ. ಸುಮ್ನೆ ಬಿಲ್ಡ್ ಮಾಡಿದ ಇಎಕ್ಸ್‌ಇ ಬೇರೆ ಮಷಿನ್ನಿಗೆ ಹೋದ್ರೆ ಲಿಬ್‌ಎಸ್‌ಟಿಡಿಸಿ++ ಡಿಎಲ್‌ಎಲ್ ಇಲ್ಲ, ವಿನ್‌ಪಿಥ್ರೆಡ್ ಇಲ್ಲ ಅಂತ ನಿಂತ್ಬಿಡತ್ತೆ. ಅದಕ್ಕೆ ಲಿಂಕ್ ಮಾಡೋವಾಗ ಅವನ್ನ ಇಎಕ್ಸ್‌ಇ ಒಳಗೇ ಸೇರ್ಸೋ ಸ್ಟ್ಯಾಟಿಕ್ ಫ್ಲ್ಯಾಗ್ ಕೊಡ್ತೀನಿ, ಆಮೇಲೆ ಬೈನರಿ ಒಳಗೇನಿದೆ ಅಂತ ತೋರ್ಸೋ ಆಬ್ಜ್‌ಡಂಪ್‌ನಲ್ಲಿ ಡಿಎಲ್‌ಎಲ್ ಹೆಸ್ರುಗಳನ್ನ ನೋಡಿ, ಕರ್ನೆಲ್32 ತರದ ವಿಂಡೋಸಿಂದೇ ಬಿಟ್ಟು ಬೇರೇನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ಕಳ್ಸೋದು.

ನನ್ನ ಪ್ರಕಾರ ನಿಜವಾದ ಕೆಲ್ಸ ಇರೋದು ಫೈಲ್ ಹೆಸ್ರಲ್ಲಿ. ಜನ ಫೈಲಿಗೆ ಕನ್ನಡದಲ್ಲೇ ಹೆಸ್ರಿಟ್ಟಿರ್ತಾರೆ, ಇಡ್ಲೇಬೇಕು, ನಮ್ಮ ಭಾಷೆ. ಲಿನಕ್ಸಲ್ಲಿ ಯೂನಿಕೋಡಿನ ಯುಟಿಎಫ್-8 ರೂಪ ಇರೋದ್ರಿಂದ ಪ್ರೋಗ್ರಾಂ ಶುರುವಾಗೋ ಮಾಮೂಲಿ ಮೇನ್ ಫಂಕ್ಷನ್ನಿಗೆ ಹೆಸ್ರು ಸರಿಯಾಗೇ ಬರತ್ತೆ, ಆದ್ರೆ ವಿಂಡೋಸ್ ಆ ಹೆಸ್ರನ್ನ ಆನ್ಸಿ ಕೋಡ್‌ಪೇಜ್‌ಗೆ (ಯೂನಿಕೋಡ್ ಅಲ್ಲದ ಹಳೇ ಅಕ್ಷರಪಟ್ಟಿ) ಬದಲಾಯ್ಸಿ ಕೊಡತ್ತೆ, ಕನ್ನಡಕ್ಕೆ ಅಂಥ ಕೋಡ್‌ಪೇಜ್ ಇಲ್ಲ, ಹಾಗಾಗಿ 'ವರದಿ' ಅನ್ನೋದು ಬರೀ ಪ್ರಶ್ನೆ ಚಿಹ್ನೆ ಆಗಿ ಬಂದು ಫೈಲ್ ಸಿಗೋದೇ ಇಲ್ಲ. ನಾನು ಮೇನ್ ಬದ್ಲು ಹೆಸ್ರನ್ನ ಯೂನಿಕೋಡಲ್ಲೇ ತಗೊಳೋ ಡಬ್ಲ್ಯೂಮೇನ್ ಬಳಸಿ, ಮ್ಯೂನಿಕೋಡ್ ಫ್ಲ್ಯಾಗ್ ಕೊಟ್ಟು, ಹೆಸ್ರನ್ನ ಯುಟಿಎಫ್-16 ಅಲ್ಲೇ ತಗೊಂಡು ಸಿ++ ನ ಫೈಲ್‌ಸಿಸ್ಟಮ್ ಪಾತ್‌ಗೆ ಕೊಟ್ಟೆ. ವಿಂಡೋಸ್ 10 ರ 1903 ಆವೃತ್ತಿಯಿಂದ ಮ್ಯಾನಿಫೆಸ್ಟಲ್ಲೇ (ಪ್ರೋಗ್ರಾಂ ಬಗ್ಗೆ ವಿಂಡೋಸ್‌ಗೆ ಹೇಳೋ ಫೈಲ್) ಯುಟಿಎಫ್-8 ಅಂತ ಹೇಳ್ಬೋದು, ಅದು ಸುಲಭ, ಆದ್ರೆ ಹಳೇ ಫೈಲ್ ಇರೋರ ಹತ್ರ ಇನ್ನೂ ವಿಂಡೋಸ್ 7 ಇರತ್ತಲ್ಲ, ಅವ್ರನ್ನ ಬಿಡಕ್ಕೆ ಮನಸ್ಸಿಲ್ಲ. ಟೆಸ್ಟ್ ಮೊದ್ಲು ಲಿನಕ್ಸಲ್ಲೇ ವಿಂಡೋಸ್ ಪ್ರೋಗ್ರಾಂ ಓಡ್ಸೋ ವೈನ್‌ನಲ್ಲಿ, ಆಮೇಲೆ ನಿಜವಾದ ವಿಂಡೋಸಲ್ಲಿ, ಎರಡೂ ಬೇಕು.

ಹಳೇ ಲಿನಕ್ಸ್‌ಗೆ ಬೇಕಂದ್ರೆ ಜಿಗ್ ಸಿ++ ಅನ್ನೋ ಕಂಪೈಲರ್ ಬಳ್ಸಿ, ಟಾರ್ಗೆಟಲ್ಲೇ ಜಿಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) 2.17 ಅಂತ ಕೊಟ್ರೆ ಸೆಂಟ್‌ಒಎಸ್ 7 ತರದ ಹಳೇ ಲಿನಕ್ಸಲ್ಲೂ ಓಡತ್ತೆ. ಮ್ಯಾಕ್‌ಗೆ ಲಿನಕ್ಸಿಂದ್ಲೇ ಬಿಲ್ಡ್ ಮಾಡೋ ಓಎಸ್‌ಎಕ್ಸ್‌ಕ್ರಾಸ್ ಇದೆ, ಆದ್ರೆ ಅದಕ್ಕೆ ಬೇಕಾದ ಆಪಲ್‌ನ ಎಸ್‌ಡಿಕೆನ (ಹೆಡರ್, ಲೈಬ್ರರಿಗಳ ಕಟ್ಟು) ಆಪಲ್ ಕಂಪ್ಯೂಟರಲ್ಲೇ ಬಳಸ್ಬೇಕು ಅಂತ ಲೈಸೆನ್ಸ್ ಹೇಳತ್ತೆ, ಅದಕ್ಕೆ ಮ್ಯಾಕ್ ಇರೋ ಗೆಳೆಯರೊಬ್ರು ಅಲ್ಲೇ ಬಿಲ್ಡ್ ಮಾಡಿ ಕಳಿಸ್ತಾರೆ.