ಒಂದೇ ಕೋಣೆ, ನಾಲ್ಕು ಹೆಡ್‌ಸೆಟ್: ಮಿಶ್ರ ವಾಸ್ತವದ ಚೆಂಡಾಟ ಕಟ್ಟಿದ ನನ್ನ ಅನುಭವ

ನಾಲ್ವರು ಒಂದೇ ಕೋಣೆಯಲ್ಲಿ, ನಿಜ ನೋಟದೊಳಗೆ ವರ್ಚುವಲ್ ವಸ್ತುಗಳನ್ನು ಬೆರೆಸಿ ತೋರಿಸುವ ಹೆಡ್‌ಸೆಟ್ ತೊಟ್ಟು ನಿಂತು, ಇಲ್ಲದ ಚೆಂಡೊಂದನ್ನು ಎಸೆದು ಹಿಡಿಯುವ ಆಟವನ್ನು ಯೂನಿಟಿ ಎಂಬ ಆಟ ತಯಾರಿಸುವ ತಂತ್ರಾಂಶದಲ್ಲಿ ಕಟ್ಟಲು ಹೊರಟಾಗ, ಆನ್‌ಲೈನ್ ಆಟಗಳನ್ನು ಮಾಡಿ ಪಳಗಿದ್ದ ನನಗೆ ಇದು ಸುಲಭದ ಕೆಲಸವೆಂದೇ ಅನಿಸಿತ್ತು. ಆಟಗಾರರು ಕಣ್ಣೆದುರೇ ಇರುವುದರಿಂದ ಅವರ ಅವತಾರಗಳನ್ನು ಚಿತ್ರಿಸಬೇಕಿಲ್ಲ, ಮಾತು ನೇರವಾಗಿ ಕೇಳಿಸುವುದರಿಂದ ಧ್ವನಿಯನ್ನು ಸಾಗಿಸಬೇಕಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು.

ಆ ಲೆಕ್ಕ ಮೊದಲ ದಿನವೇ ತಲೆಕೆಳಗಾಯಿತು. ಮೇಜಿನ ಮೂಲೆಯಲ್ಲಿ ಒಂದು ವರ್ಚುವಲ್ ಘನವನ್ನಿಟ್ಟು, ಎಲ್ಲರೂ ಅದನ್ನು ಬೆರಳಿನಿಂದ ಮುಟ್ಟುವಂತೆ ಹೇಳಿದೆ. ಮೇಜಿನ ಮೂಲೆಗೆ ತಾಗಿದ್ದು ನನ್ನ ಬೆರಳೊಂದೇ; ಉಳಿದವರ ಬೆರಳುಗಳು ಗೇಣು ದೂರದಲ್ಲಿ ಗಾಳಿಯಲ್ಲಿ ನಿಂತಿದ್ದವು. ಪ್ರತಿಯೊಂದು ಹೆಡ್‌ಸೆಟ್ಟೂ ಕೋಣೆಯನ್ನು ತನ್ನದೇ ಮೂಲಬಿಂದುವಿನಿಂದ ಅಳೆಯುತ್ತದೆ. ಅವನ್ನು ಹೊಂದಿಸಲೆಂದೇ ಸ್ಪೇಶಿಯಲ್ ಆಂಕರ್ (ಕೋಣೆಯ ಒಂದು ನಿಜ ಜಾಗಕ್ಕೆ ಕಟ್ಟಿಹಾಕಿದ ಗುರುತುಬಿಂದು) ಒಂದನ್ನು ಹಂಚಿಕೊಂಡಿದ್ದೆವಾದರೂ, ಹೊಂದಾಣಿಕೆ ಆಂಕರಿನ ಬಳಿ ಸರಿಯಿದ್ದು, ದೂರ ಹೋದಂತೆ ಕೆಡುತ್ತಿತ್ತು. ಭೂಮಿಯ ಗುರುತ್ವವನ್ನು ಸೆನ್ಸರ್ ಅರಿಯುವುದರಿಂದ ಮೇಲು-ಕೆಳಗಿನ ದಿಕ್ಕು ತಪ್ಪುವುದಿಲ್ಲ. ತಪ್ಪುವುದು ಅಡ್ಡ ತಿರುವಿನಲ್ಲಿ. ಅಲ್ಲಿ ಕೇವಲ 1 ಡಿಗ್ರಿ ವ್ಯತ್ಯಾಸವಾದರೂ 5 ಮೀಟರ್ ಆಚೆಗೆ ವಸ್ತು ಸುಮಾರು 9 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಕೊನೆಗೆ 4 ಮೀಟರ್ ಅಂತರದಲ್ಲಿ ಎರಡು ಆಂಕರ್‌ಗಳನ್ನು ನೆಟ್ಟು, ಸ್ಥಾನವನ್ನು ಮೊದಲನೆಯದರಿಂದಲೂ ದಿಕ್ಕನ್ನು ಅವೆರಡನ್ನೂ ಸೇರಿಸುವ ಗೆರೆಯಿಂದಲೂ ಲೆಕ್ಕ ಹಾಕಿದೆವು. ಆಗ ಒಂದು ಆಂಕರ್ 2 ಸೆಂಟಿಮೀಟರ್ ಜಾರಿದರೂ ದಿಕ್ಕಿನ ತಪ್ಪು ಮೂರನೇ ಒಂದು ಡಿಗ್ರಿಯನ್ನು ಮೀರುವುದಿಲ್ಲ. ಬೋಳು ಬಿಳಿ ಗೋಡೆಗಳಿದ್ದ ಕಡೆ ಕ್ಯಾಮೆರಾಗಳಿಗೆ ಗುರುತು ಸಿಗದೆ ಆಂಕರ್ ಅಲುಗಾಡುತ್ತಿತ್ತು. ಗೋಡೆಗೆ ನಾಲ್ಕಾರು ಚಿತ್ರಪಟಗಳನ್ನು ಅಂಟಿಸಿದ ಮೇಲೆ ಆ ಕಾಟ ತಪ್ಪಿತು.

ನಿಜವಾಗಿ ಸತಾಯಿಸಿದ್ದು ವಿಳಂಬ. ಆನ್‌ಲೈನ್ ಆಟದಲ್ಲಿ ಎದುರಾಳಿಯ ಮೈ, ಕೈ, ಗುರಾಣಿ ಎಲ್ಲವೂ ಒಟ್ಟಿಗೇ ತಡವಾಗಿ ಬರುವುದರಿಂದ ತಡವಾದದ್ದೇ ಗೊತ್ತಾಗುವುದಿಲ್ಲ. ಇಲ್ಲಾದರೋ ಎದುರಾಳಿಯ ಅಸಲಿ ಕೈಯನ್ನು ಪಾಸ್‌ಥ್ರೂನಲ್ಲಿ, ಅಂದರೆ ಹೆಡ್‌ಸೆಟ್ಟಿನ ಕ್ಯಾಮೆರಾಗಳು ತೋರಿಸುವ ಹೊರಗಿನ ದೃಶ್ಯದಲ್ಲಿ, ನೋಡುತ್ತಿರುತ್ತೇವೆ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸಿದರೆ, ಆ ಕೈಗೆ ನಾವು ತೊಡಿಸಿದ್ದ, ನೆಟ್‌ವರ್ಕಿನಲ್ಲಿ 100 ಮಿಲಿಸೆಕೆಂಡ್ ತಡವಾಗಿ ಬರುವ ವರ್ಚುವಲ್ ಗುರಾಣಿ ಅದರ ಹಿಂದೆ 20 ಸೆಂಟಿಮೀಟರ್ ದೂರದಲ್ಲಿ ತೇಲುತ್ತದೆ. ಕೈಯ ಮುಂದಿನ ಚಲನೆಯನ್ನು ಊಹಿಸಿ ಗುರಾಣಿಯನ್ನು ಮುಂದಕ್ಕೆ ತಳ್ಳಿ ನೋಡಿದೆವು. ಕೈ ಥಟ್ಟನೆ ನಿಂತಾಗ ಗುರಾಣಿ ಮುಂದಕ್ಕೆ ಚಿಮ್ಮಿ ಮತ್ತಷ್ಟು ವಿಕಾರವಾಯಿತು. ಆಗ ಗುರಾಣಿಯನ್ನೇ ತೆಗೆದು, ಕೈಯ ಹಿಂದೆ ಬಾಲದಂತೆ ಎಳೆದುಕೊಂಡು ಬರುವ ಬೆಳಕಿನ ಪಟ್ಟಿಯನ್ನಿಟ್ಟೆವು. ಹಿಂದುಳಿಯುವುದೇ ಅದರ ಗುಣವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಇದು ಪರಿಹಾರವಲ್ಲ, ಕಣ್ಕಟ್ಟು ಎಂದು ಒಪ್ಪಿಕೊಳ್ಳುತ್ತೇನೆ.

ಚೆಂಡಿಗೆ ಮಾತ್ರ ಪ್ರಾಮಾಣಿಕ ದಾರಿ ಸಿಕ್ಕಿತು. ಕೈಯಿಂದ ಬಿಟ್ಟ ಗಳಿಗೆಯ ಸ್ಥಾನ, ವೇಗ ಮತ್ತು ಸಮಯವನ್ನಷ್ಟೇ ಕಳುಹಿಸಿದರೆ, ಗಡಿಯಾರಗಳನ್ನು ಹೊಂದಿಸಿಕೊಂಡಿರುವ ನಾಲ್ಕೂ ಹೆಡ್‌ಸೆಟ್‌ಗಳು ಅದೇ ಹಾದಿಯನ್ನು ತಾವೇ ಲೆಕ್ಕ ಹಾಕುತ್ತವೆ. ಹಿಡಿದನೋ ಬಿಟ್ಟನೋ ಎಂಬ ತೀರ್ಪನ್ನು ಹೋಸ್ಟ್‌ಗೆ (ಎಲ್ಲರ ಪರವಾಗಿ ಆಟ ನಡೆಸುವ ಸಾಧನಕ್ಕೆ) ಬಿಡದೆ ಹಿಡಿಯುವವನ ಹೆಡ್‌ಸೆಟ್ಟಿಗೇ ಕೊಟ್ಟೆವು, ಏಕೆಂದರೆ ಅಂಗೈಗೆ ಬಂದ ಚೆಂಡು ಜಾರಿಹೋಯಿತೆಂಬ ಸಿಟ್ಟು ಬರುವುದು ಅವನಿಗೇ.

ಮೇಲೆ ನೋಡುತ್ತ ಹಿಂದೆ ಸರಿದ ಇಬ್ಬರು ಒಮ್ಮೆ ಬೆನ್ನಿಗೆ ಬೆನ್ನು ಡಿಕ್ಕಿ ಹೊಡೆದರು. ತಲೆಗಳ ಸ್ಥಾನ ಹೇಗೂ ಹಂಚಿಕೆಯಾಗುತ್ತಿದ್ದುದರಿಂದ, ಯಾರಿಬ್ಬರ ನಡುವಿನ ಅಂತರವಾದರೂ 1 ಮೀಟರಿಗಿಂತ ಕಡಿಮೆಯಾದ ಕೂಡಲೇ ಚೆಂಡು ಮಾಯವಾಗುವಂತೆ ಮಾಡಿದೆವು. ಆಟದ ಮಧ್ಯೆ ಹೆಡ್‌ಸೆಟ್ ತೆಗೆದು ಮತ್ತೆ ಹಾಕಿಕೊಂಡವರ ವಿಷಯದಲ್ಲೂ ಅಷ್ಟೇ: ಎರಡೂ ಆಂಕರ್‌ಗಳು 3 ಸೆಂಟಿಮೀಟರ್ ಒಳಗೆ ಹೊಂದುವವರೆಗೆ ಅವರ ಕಾಲಡಿಯ ವೃತ್ತ ಕೆಂಪಾಗಿರುತ್ತದೆ, ಚೆಂಡು ಅವರ ಕಡೆಗೆ ಹೋಗುವುದಿಲ್ಲ.